ಕಣಜದ ಹೊಗೆ

"ರಾಜಕುಮಾರಿ ಚಿತ್ರಾಂಬೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಹೋಗುತ್ತದೆ" ಎಂದು ದೊರೆ ಅಣ್ಣಿಗರಾಯ ಡಂಗುರ ಹೊಡೆಸಿದ.

ಗೋಣಿಚೀಲ ಹೊಲಿಯುವ ಬೊಮ್ಮ ಅದನ್ನು ಕೇಳಿದ್ದು ತಾಯಿಯನ್ನು ಮಣ್ಣು ಮಾಡಿ ಬರುವಾಗ. ಅವಳು ಅರಮನೆಯ ಕಣಜದಲ್ಲಿ ಕಾಳು ತುಂಬುತ್ತಿದ್ದವಳು. ಕಾಲು ಸತ್ತು, ಕಡೆಯ ದಿನಗಳನ್ನು ತೆವಳಿಕೊಂಡೇ ಕಳೆದಿದ್ದಳು. ಕಣಜದ ಮೇಲಿನ ಉಪ್ಪರಿಗೆಯಲ್ಲಿ ಬೆಳೆದ ರಾಜಕುಮಾರಿಯ ಕಾಲೂ ಹಾಗೆಯೇ ಸತ್ತಿತ್ತು. ದೊರೆಯ ಮುಂದೆ ತನ್ನಂಥವನು ಬಾಯಿ ಬಿಡಲು ಇದೊಂದೇ ದಾರಿ ಎಂದು ಬೊಮ್ಮ ಸಭೆಗೆ ಹೋದ.

ಅವನಿಗಿಂತ ಮೊದಲು ಇಬ್ಬರು ನಿಂತಿದ್ದರು. ಚಿತ್ರಾಂಬೆ ಮೆಲ್ಲಗೆ ಕೇಳಿದಳು: "ಮೂಳೆಯ ಮನೆಯಲ್ಲಿ ಓಲೆಕಾರನೊಬ್ಬ ಇದ್ದಾನೆ. ತಲೆ ಹೇಳಿದ್ದನ್ನು ಕಾಲಿಗೆ ಮುಟ್ಟಿಸುತ್ತಾನೆ. ಯಾರವನು?"

"ನಾಲಿಗೆ" ಎಂದ ನೆರೆನಾಡಿನ ರಾಜಕುಮಾರ. ಅವನನ್ನು ಹೊರಗೆ ಎಳೆದೊಯ್ದರು, ಕತ್ತಿಯ ಸದ್ದು ಕೇಳಿಸಿತು.

"ಬೆನ್ನುಹುರಿ" ಎಂದ ಆಸ್ಥಾನ ವೈದ್ಯನ ಮಗ.

"ಗಾಯ ಮಾಡದೆ ಆ ಮನೆಗೆ ನುಗ್ಗಿ ಓಲೆಕಾರನನ್ನು ಕೊಂದದ್ದು ಯಾರು?"

"ವಿಷದ ಹೊಗೆ."

"ಆ ಕೊಲೆಗಾರನನ್ನು ಮನೆಗೆ ಕರೆತಂದದ್ದು ಯಾರು?"

ವೈದ್ಯನ ಮಗ ದೊರೆಯ ಮುಖ ನೋಡಿದ. ಉತ್ತರ ಅವನಿಗೆ ಗೊತ್ತಿದೆ ಎಂದು ಬೊಮ್ಮನಿಗೆ ಅನ್ನಿಸಿತು. ಆದರೆ ಅವನು "ಶತ್ರುಗಳು" ಎಂದ. ಹೊರಗೆ ಮತ್ತೊಮ್ಮೆ ಕತ್ತಿಯ ಸದ್ದಾಯಿತು. ಚಿತ್ರಾಂಬೆ ಕಣ್ಣು ಮುಚ್ಚಿಕೊಂಡಳು. ಸತ್ತವರೆಲ್ಲ ಅವಳ ಸುತ್ತ ನಿಂತು ಉತ್ತರಕ್ಕೆ ಕಾಯುತ್ತಿದ್ದಂತೆ ಬೊಮ್ಮನಿಗೆ ಕಂಡಿತು.

ಅವನು ಮುಂದೆ ಬಂದ. "ಮೊದಲೆರಡು ಉತ್ತರ ಅವರು ಹೇಳಿದ್ದೇ ಸರಿ, ತಾಯಿ. ಕಾಳಿಗೆ ಹುಳು ಬೀಳದಿರಲಿ ಅಂತ ಕಣಜದಲ್ಲಿ ಮದ್ದಿನ ಹೊಗೆ ಹಾಕುತ್ತಾರೆ. ಅಲ್ಲಿನ ಇಲಿಗಳೂ ಹಿಂಗಾಲು ಎಳೆದುಕೊಂಡು ಓಡಾಡುವುದನ್ನು ನೋಡಿದ್ದೇನೆ. ಹೊಗೆ ಉಸಿರಿನಲ್ಲಿ ಒಳಗೆ ಹೋಗುತ್ತೆ. ಹುರಿ ತುಂಡಾಗುವುದಿಲ್ಲ, ಅದರೊಳಗಿನ ಜೀವಕಣಗಳು ಒಂದೊಂದಾಗಿ ಸಾಯುತ್ತವೆ. ನಮ್ಮವ್ವ ಹಾಗೇ ಹೋದಳು."

"ಮೂರನೆಯದು?"

ಬೊಮ್ಮ ದೊರೆಯ ಕಡೆ ತಿರುಗಿದ. "ಆ ಮದ್ದು ತರಿಸಿದ್ದು ನೀವೇ, ಬುದ್ಧಿ."

ಕತ್ತಿ ಮೇಲೆದ್ದಿತು.

"ಉತ್ತರ ಸರಿಯಾಗಿದೆ, ಅಪ್ಪಾ" ಎಂದಳು ಚಿತ್ರಾಂಬೆ. "ನಾನು ಹೇಳಿದ್ದರೆ ನೀವು ನಂಬುತ್ತಿರಲಿಲ್ಲ."

ದೊರೆ ಮಗಳ ಕಾಲುಗಳನ್ನೇ ನೋಡುತ್ತ ಕುಳಿತ. ಕೊನೆಗೆ, "ಕಣಜದ ಬಾಗಿಲು ತೆಗೆಯಿರಿ. ಹೊಗೆ ನಿಲ್ಲಲಿ" ಎಂದ.

"ನನ್ನ ಕಾಲು ಬರುತ್ತದೆಯೇ?" ಎಂದು ಚಿತ್ರಾಂಬೆ ಬೊಮ್ಮನನ್ನು ಕೇಳಿದಳು.

"ನಮ್ಮವ್ವನದು ಬರಲಿಲ್ಲ, ತಾಯಿ."

ಸುಳ್ಳು ಹೇಳದವನನ್ನೇ ಅವಳು ಮದುವೆಯಾದಳು. ಅರ್ಧ ರಾಜ್ಯವೂ ಅವನದಾಯಿತು. ಮದುವೆಯ ದಿನ ವಾಲಗ ಮೊಳಗಿತು, ಯಾರೂ ಕುಣಿಯಲಿಲ್ಲ. ಕಣಜದ ಕೇರಿಯಲ್ಲಿ ಹೊಗೆ ನಿಂತ ಮೇಲೆ ಹುಟ್ಟಿದ ಕೂಸೊಂದು ಮೊದಲ ಹೆಜ್ಜೆ ಇಟ್ಟಾಗ, ಅದನ್ನು ನೋಡಲು ಕೇರಿಗೆ ಕೇರಿಯೇ ತೆವಳಿಕೊಂಡು ಬಂತು.