ಗಡಿಕಲ್ಲಿನ ಬುಡದ ಇದ್ದಿಲು

ಸಣ್ಣನಿಂಗಮ್ಮನ ರಾಗಿ ಹೊಲದ ಅಂಚಿನಲ್ಲಿ ಒಂದು ಗಡಿಕಲ್ಲಿತ್ತು. ಕಲ್ಲು ಕದಲಿದರೂ ಗುರುತಿಗಿರಲಿ ಎಂದು ಹಿಂದಿನವರು ಅದರ ಬುಡದಲ್ಲಿ ಇದ್ದಿಲು ಹೂತಿದ್ದರು.

"ಪಕ್ಕದ ಹೊಲ ಮೂರು ಕೈ ಬದಲಾಯಿತು. ಕೊಂಡ ಮೂವರೂ ನನಗೆ ತಲೆಬಾಗಿದರು. ನಿನ್ನನ್ನು ಕೇಳುವವರು ಯಾರು?" ಎಂದು ಕಲ್ಲು ಹಂಗಿಸುತ್ತಿತ್ತು. ಇದ್ದಿಲು ಮಣ್ಣಿನಡಿ ತನ್ನ ಜಾಗದಲ್ಲೇ ಇರುತ್ತಿತ್ತು.

ಆ ಹೊಲ ಕೊಂಡ ನಾಲ್ಕನೆಯವನು ಕಲ್ಲನ್ನು ಕಿತ್ತು, ನಿಂಗಮ್ಮನ ರಾಗಿಯೊಳಗೆ ಹತ್ತು ಹೆಜ್ಜೆ ಸರಿಸಿ ನೆಟ್ಟ. "ಇದೇ ಗಡಿ" ಎಂದು ಕಲ್ಲು ಅಲ್ಲೂ ಬೀಗಿತು.

ನಿಂಗಮ್ಮ ದೂರು ಕೊಟ್ಟಳು. ಸರ್ವೆಯವರು ಹಳೆಯ ನಕ್ಷೆ ಹಿಡಿದು ಬಂದು, ಕಲ್ಲನ್ನು ದಾಟಿ ಹೋಗಿ, ಮೊದಲಿನ ಜಾಗವನ್ನು ಅಗೆಸಿದರು. ಇದ್ದಿಲು ಸಿಕ್ಕಿತು.

ಕಲ್ಲಿಗೆ ಅವಮಾನವಾಯಿತು. "ನನ್ನನ್ನು ಯಾಕೆ ಕೇಳಲಿಲ್ಲ?" ಎಂದಿತು.

ಇದ್ದಿಲು ಮೊದಲ ಸಲ ಬಾಯಿಬಿಟ್ಟಿತು: "ಎಲ್ಲಿ ನೆಟ್ಟರೂ ನೀನು 'ಇದೇ ಗಡಿ' ಅನ್ನುತ್ತೀಯಲ್ಲ."