ಒಂದು ಸೇರಿಗೆ ಒಂದು ಷೇರು

ಒಂದು ಕಾಡಿನಲ್ಲಿ ಆ ವರ್ಷ ಬಿದಿರು ಹೂಬಿಟ್ಟು ಅಕ್ಕಿ ಉದುರಿಸಿತ್ತು. ಬಿದಿರು ಹಾಗೆ ಹೂಬಿಡುವುದು ಜೀವಮಾನದಲ್ಲಿ ಒಂದು ಸಲ. ಇಲಿ, ಮೊಲ, ಅಳಿಲು, ಎಲ್ಲರ ಬಿಲ ಪೊಟರೆಗಳೂ ತುಂಬಿದವು. ಮಳೆಗಾಲ ಕಳೆಯಲು ಮಕ್ಕಳು ಮರಿಗೆ ಅಷ್ಟು ಸಾಕಿತ್ತು.

ಪಕ್ಕದವರ ಬಿಲ ತುಂಬಿದ್ದು ಒಬ್ಬನಿಗೆ ಮಾತ್ರ ಸಹಿಸಲಾಗಲಿಲ್ಲ. ಅವನು ಕಸ್ತೂರಪ್ಪ ಎಂಬ ಪುನುಗು ಬೆಕ್ಕು. ಮೈಯೆಲ್ಲ ಪರಿಮಳ, ಬಾಯೆಲ್ಲ ಬೆಣ್ಣೆ. ಅವನು ಕರಡಿ ಭೈರಣ್ಣನನ್ನು ಕೂಲಿಗೆ ಇಟ್ಟುಕೊಂಡು ಜೇನು ಕಂಪನಿ ತೆರೆದ. ಒಂದು ಸೇರು ಬಿದಿರಕ್ಕಿ ಕೊಟ್ಟವರಿಗೆ ಕಂಪನಿಯಲ್ಲಿ ಒಂದು ಷೇರು, ತಿಂಗಳು ತಿಂಗಳು ಜೇನಿನಲ್ಲಿ ಪಾಲು ಎಂದು ಸಾರಿದ. ಷೇರಿಗೆ ಗುರುತಾಗಿ ಒಂದು ಗುಲಗಂಜಿ ಕೊಟ್ಟ.

ಚೈತ್ರ ಮಾಸದ ಒಂದು ಬೆಳಿಗ್ಗೆ ಅವನು ಎಲ್ಲರನ್ನೂ ಹೊಳೆ ದಂಡೆಗೆ ಕರೆದ. ಬಾಲದಿಂದ ಒದ್ದೆ ಮರಳಿನ ಮೇಲೆ ಗೀರು ಎಳೆದ. ಮಾಘದಲ್ಲಿ ಹತ್ತು ಸೋರೆ ಬುರುಡೆ ಜೇನು ಬಂದಿತ್ತು. ಫಾಲ್ಗುಣದಲ್ಲಿ ಇಪ್ಪತ್ತು. ಈಗ ನಲವತ್ತು. ಗೀರು ಮೇಲಕ್ಕೆ ಏರಿತು. ಕಸ್ತೂರಪ್ಪ ಅಲ್ಲಿಗೆ ನಿಲ್ಲಿಸದೆ ಅದನ್ನು ಇನ್ನೂ ಮೇಲೆ ಎಳೆದ. ವೈಶಾಖಕ್ಕೆ ಎಂಬತ್ತು, ಜ್ಯೇಷ್ಠಕ್ಕೆ ನೂರ ಅರವತ್ತು ಎಂದ. ಕೇಳಿದವರ ಬಾಯಲ್ಲಿ ನೀರೂರಿತು.

ಕೆಂಚಿ ಎಂಬ ಮೊಲಕ್ಕೆ ಏಳು ಮರಿಗಳು. ಇದ್ದ ಅಕ್ಕಿಯನ್ನೆಲ್ಲ ಒಂದೇ ಕಡೆ ಹಾಕಲು ಅವಳಿಗೆ ಭಯ. ಅದಕ್ಕೂ ಕಸ್ತೂರಪ್ಪನ ಹತ್ತಿರ ಮದ್ದಿತ್ತು. ಜೇನು ಕಂಪನಿಯ ಜೊತೆಗೆ ಮೇಣದ ಕಂಪನಿ ಇದೆ, ಇಪ್ಪೆ ಹೂವಿನ ಕಂಪನಿಯೂ ಇದೆ, ಮೂರಕ್ಕೂ ಹಂಚಿ ಹಾಕಿದರೆ ಒಂದು ಬಿದ್ದರೂ ಇನ್ನೊಂದು ಕೈಹಿಡಿಯುತ್ತದೆ ಎಂದು ಸಮಾಧಾನ ಹೇಳಿದ. ಕೆಂಚಿ ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಮೂರು ಪಾಲು ಮಾಡಿ ಕೊಟ್ಟಳು.

ದ್ಯಾವಕ್ಕ ಎಂಬ ಮುಳ್ಳುಹಂದಿ ಮಾತ್ರ ಕೊಡಲಿಲ್ಲ. ಯಾರು ಏನೇ ಹೇಳಲಿ, “ಅದಕ್ಕೆ ಮುಂಚೆ?” ಎಂದು ಕೇಳುವುದು ಅವಳ ಅಭ್ಯಾಸ. ಅಂದೂ ಕೇಳಿದಳು. ಮಾಘಕ್ಕೆ ಮುಂಚೆ ಎಷ್ಟು ಬಂದಿತ್ತು?

“ಹಳೇದನ್ನು ಕೆದಕುವವರು ಗೆಡ್ಡೆ ತಿಂದೇ ಸಾಯಬೇಕು, ದ್ಯಾವಕ್ಕ,” ಎಂದ ಕಸ್ತೂರಪ್ಪ. ಎಲ್ಲರೂ ನಕ್ಕರು.

ಮನೆಗೆ ಹೋಗಿ ದ್ಯಾವಕ್ಕ ಗೆಡ್ಡೆಯನ್ನೇ ತಿಂದಳು. ಸುತ್ತಲಿನವರು ಪಾಲಿನ ಜೇನು ತಿಂದು ಬೆರಳು ನೆಕ್ಕುತ್ತಿದ್ದರು. ತಾನೇ ದಡ್ಡಿಯೇನೋ ಎಂದು ಅವಳಿಗೂ ಒಂದು ಗಳಿಗೆ ಅನಿಸಿತು. ಆದರೂ ಮನಸ್ಸು ತಡೆಯದೆ ಭೈರಣ್ಣನ ಹತ್ತಿರ ಹೋದಳು.

ಭೈರಣ್ಣ ಕಂಪನಿಗೆ ಸೇರುವ ಮೊದಲಿಂದಲೂ ಜೇನು ಕೀಳುವವನು. ತಂದದ್ದಕ್ಕೆಲ್ಲ ಹೊನ್ನೆ ಮರದ ತೊಗಟೆಯ ಮೇಲೆ ಉಗುರಿನಿಂದ ಗುರುತು ಹಾಕುತ್ತಿದ್ದ. ಜೇನಿಗೆ ಉದ್ದ ಗೀರು, ಮೇಣಕ್ಕೆ ಅಡ್ಡ ಗೀರು, ಇಪ್ಪೆ ಹೂವಿಗೆ ಚುಕ್ಕೆ. ಮೂರು ವರ್ಷದ ಲೆಕ್ಕ ಅಲ್ಲಿತ್ತು. ಇದುವರೆಗೆ ಯಾರೂ ಬಂದು ಕೇಳಿರಲಿಲ್ಲ.

ದ್ಯಾವಕ್ಕ ಮರದ ಸುತ್ತ ನಿಧಾನವಾಗಿ ಓದುತ್ತ ಹೋದಳು. ಪ್ರತಿ ವರ್ಷವೂ ಮಾಘದಿಂದ ಚೈತ್ರದವರೆಗೆ ಗೀರು ಒತ್ತೊತ್ತಾಗಿದ್ದವು. ವೈಶಾಖದಲ್ಲಿ ತೆಳುವಾದವು. ಜ್ಯೇಷ್ಠದಿಂದ ಭಾದ್ರಪದದವರೆಗೆ ತೊಗಟೆ ಬೋಳು. ಮಳೆಯಲ್ಲಿ ಹೂವೆಲ್ಲಿ, ಹೂವಿಲ್ಲದೆ ಜೇನೆಲ್ಲಿ? ಇನ್ನೂ ಒಂದು ಸಂಗತಿ ಕಂಡಿತು. ಉದ್ದ ಗೀರು ಇದ್ದಲ್ಲೇ ಅಡ್ಡ ಗೀರು, ಅಲ್ಲೇ ಚುಕ್ಕೆ. ಜೇನು ಎದ್ದಾಗ ಮೂರೂ ಎದ್ದಿದ್ದವು, ಜೇನು ಮಲಗಿದಾಗ ಮೂರೂ ಮಲಗಿದ್ದವು. ಹೆಸರು ಮೂರು, ಹೊಟ್ಟೆ ಒಂದೇ. ಕೆಂಚಿಯ ಏಳು ಮರಿಗಳು ನೆನಪಾಗಿ ದ್ಯಾವಕ್ಕನ ಮುಳ್ಳು ನಿಮಿರಿದವು.

ಅಲ್ಲಿಂದ ಅವಳು ಚಿಪ್ಪುಹಂದಿ ಮಾದಯ್ಯನ ಮನೆಗೆ ಹೋದಳು. ಮಾದಯ್ಯ ಹುತ್ತದ ಅಣಬೆ ಕಿತ್ತು ಮಾರುವವನು. ಬೇಸಿಗೆಯಲ್ಲಿ ಅವನಿಗೆ ಅಣಬೆಯೂ ಇಲ್ಲ, ಗಿರಾಕಿಯೂ ಇಲ್ಲ, ಮಳೆ ಬಿದ್ದರೆ ಬುಟ್ಟಿ ಸಾಲದು. ಮೂರು ವರ್ಷದ ಲೆಕ್ಕ ಕೇಳಿದಳು. ಜೇನು ಬಿದ್ದ ತಿಂಗಳಲ್ಲೇ ಅಣಬೆ ಎದ್ದಿತ್ತು. ದ್ಯಾವಕ್ಕ ತನ್ನ ಅಕ್ಕಿಯಲ್ಲಿ ಅರ್ಧವನ್ನು ಮಾದಯ್ಯನ ಅಣಬೆ ವ್ಯಾಪಾರದಲ್ಲಿ ಹೂಡಿದಳು. ಉಳಿದರ್ಧವನ್ನು ಬಿಲದಲ್ಲೇ ಇಟ್ಟಳು.

ಮರುವಾರ ಕಸ್ತೂರಪ್ಪ ಮತ್ತೆ ಸಭೆ ಸೇರಿಸಿದ. ಷೇರಿನ ಬೆಲೆ ಈಗ ಎರಡು ಸೇರು, ನಾಳೆ ಮೂರು, ಬೇಗ ಕೊಳ್ಳಿ ಎಂದ. ದ್ಯಾವಕ್ಕ ಜಗಳ ಆಡಲಿಲ್ಲ. ಮೆತ್ತಗೆ ಕೇಳಿದಳು.

“ಕಸ್ತೂರಪ್ಪ, ನಿಮ್ಮ ಹತ್ತಿರ ಎಷ್ಟು ಷೇರು ಇದೆ?”

ಅವನ ಮೀಸೆ ಅಲುಗಿತು. ತನಗೆಂದು ಅವನು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಮಾರಿ ಬಂದ ಅಕ್ಕಿಯನ್ನೆಲ್ಲ ಬಂಡೆಯ ಸಂದಿಯಲ್ಲಿ ಬಚ್ಚಿಟ್ಟಿದ್ದ. ಆಷಾಢದಲ್ಲಿ ಹಸಿದವರೆಲ್ಲ ಷೇರನ್ನು ಹಿಡಿ ಅಕ್ಕಿಗೆ ಮಾರುತ್ತಾರೆ, ಆಗ ಎಲ್ಲವನ್ನೂ ವಾಪಸ್ ಕೊಳ್ಳಬೇಕು ಎಂಬುದು ಅವನ ಲೆಕ್ಕ. ಆದರೆ ಸಭೆಯಲ್ಲಿ ಹಾಗೆನ್ನುವುದುಂಟೇ? ಈ ಬೆಲೆಗೆ ತಾನೂ ಕೊಳ್ಳುವವನೇ, ಮಾರುವವರು ಸಿಗುತ್ತಿಲ್ಲವಷ್ಟೆ ಎಂದು ಎದೆಯುಬ್ಬಿಸಿದ.

ದ್ಯಾವಕ್ಕ ಹೊನ್ನೆ ಮರದಲ್ಲಿ ಕಂಡದ್ದನ್ನೆಲ್ಲ ಸಭೆಗೆ ಹೇಳಿದಳು. ಭೈರಣ್ಣ ಹೌದೆಂದು ತಲೆಯಾಡಿಸಿದ. ಕೆಂಚಿ ಎದ್ದು ಬಂದು ತನ್ನ ಗುಲಗಂಜಿಗಳನ್ನು ಕಸ್ತೂರಪ್ಪನ ಮುಂದೆ ಸುರಿದಳು.

“ಎರಡು ಸೇರಿನ ಹಾಗೆ ಕೊಳ್ಳಿ, ಅಣ್ಣ. ನೀವೇ ಹೇಳಿದ ಬೆಲೆ.”

ಅವಳ ಹಿಂದೆ ಅಳಿಲು, ಅಳಿಲಿನ ಹಿಂದೆ ಇಲಿಗಳ ಸಾಲು. ಕಸ್ತೂರಪ್ಪ ಹೊರಡುವ ದಾರಿ ನೋಡಿದ. ಅಷ್ಟರಲ್ಲಿ ಭೈರಣ್ಣ ಬಂದು ಪಕ್ಕದಲ್ಲೇ ಕೂತ. ಕರಡಿ ಪಕ್ಕದಲ್ಲಿ ಕೂತಿದ್ದಾಗ ಕೊಟ್ಟ ಮಾತಿಗೆ ತಪ್ಪುವುದು ಕಷ್ಟ. ಸಂಜೆಯೊಳಗೆ ಗುಲಗಂಜಿಯೆಲ್ಲ ಅವನ ಪಾಲಾಯಿತು. ಜನರಿಂದ ಪಡೆದದ್ದೂ ತಾನು ಕೂಡಿಟ್ಟದ್ದೂ ಸೇರಿ ಬಂಡೆಯ ಸಂದಿ ಬರಿದಾಯಿತು.

ಜ್ಯೇಷ್ಠದಲ್ಲಿ ಮಳೆ ಹಿಡಿಯಿತು. ಹೂವು ಕೊಳೆಯಿತು, ಜೇನು ನಿಂತಿತು. ಹುತ್ತಗಳ ಮೇಲೆ ಅಣಬೆ ಎದ್ದಿತು. ಒಂದು ದಿನ ಕಸ್ತೂರಪ್ಪ ತೊಯ್ದು ತೊಪ್ಪೆಯಾಗಿ ದ್ಯಾವಕ್ಕನ ಬಾಗಿಲಿಗೆ ಬಂದ. ಮೈಯಲ್ಲಿ ಪರಿಮಳದ ಸುಳಿವಿಲ್ಲ. ಒಂದು ಹಿಡಿ ಗುಲಗಂಜಿ ಮುಂದಿಟ್ಟು, ಒಂದು ಹೊತ್ತಿನ ಅಣಬೆ ಕೊಟ್ಟರೆ ಸಾಕು ಎಂದು ಬೇಡಿದ. ಈ ಷೇರುಗಳೂ ಸುಳ್ಳು ಅನ್ನಬೇಡಿ ಎಂದು ತಲೆತಗ್ಗಿಸಿದ.

ದ್ಯಾವಕ್ಕ ಮೊದಲು ಅವನಿಗೆ ಊಟ ಬಡಿಸಿದಳು. ಆಮೇಲೆ ಎರಡೇ ಎರಡು ಗುಲಗಂಜಿ ತೆಗೆದುಕೊಂಡು, ಒಂದಕ್ಕೆ ಒಂದು ಸೇರಿನಂತೆ ಅಕ್ಕಿ ಅಳೆದು ಕೊಟ್ಟಳು.

“ಮಾಘ ಬಂದರೆ ಜೇನು ಬಂದೇ ಬರುತ್ತದೆ. ಜೇನು ಸುಳ್ಳಲ್ಲ, ಕಸ್ತೂರಪ್ಪ. ನೀವು ಅರ್ಧ ಹೇಳಿದ ಲೆಕ್ಕ ಸುಳ್ಳು.”

ನೀತಿ: ಏರಿದ ಮೂರು ತಿಂಗಳನ್ನು ಮಾತ್ರ ನೋಡಿ ಗಂಟು ಬಿಚ್ಚಬಾರದು, ಇಳಿದ ತಿಂಗಳುಗಳ ಲೆಕ್ಕವನ್ನೂ ಕೇಳಬೇಕು, ಒಟ್ಟಿಗೆ ಏಳುವವು ಒಟ್ಟಿಗೇ ಬೀಳುತ್ತವೆ.