ಏಡಿ ಸರಿಮಾಡಿದ ಬಾಗಿಲು

ಕೊಕ್ಕರೆ ಬಂದಾಗಲೆಲ್ಲ ಕೆರೆಯವರು ಏರಿಯ ಬಿಲದೊಳಗೆ ಅಡಗುವುದು ವಾಡಿಕೆ. ಒಮ್ಮೆ ಆ ಬಿಲದ ಬಾಯಿ ಕುಸಿಯಿತು. ಏಡಿ ದಿನವಿಡೀ ಮಣ್ಣು ತೆಗೆದು ಸರಿಮಾಡಿತು. ತಾನೇ ಹತ್ತು ಸಲ ಒಳಗೆ ಹೋಗಿ ಹೊರಗೆ ಬಂದು ನೋಡಿತು. ಎಲ್ಲೂ ತಾಗಲಿಲ್ಲ. ಬಾಗಿಲಿಗೆ ಬಸವನಹುಳುವನ್ನು ಕಾವಲಿಟ್ಟು, "ಯಾರಾದರೂ ಸಿಕ್ಕಿಕೊಂಡರೆ 'ತಪ್ಪಾಗಿದೆ' ಅನ್ನು, ಅಷ್ಟು ಸಾಕು," ಎಂದಿತು.

ಮರುದಿನವೇ ಕೊಕ್ಕರೆ ಬಂತು. ಕಪ್ಪೆ ಬಿಲಕ್ಕೆ ತಲೆ ತೂರಿಸಿತು, ಹೊಟ್ಟೆ ಸಿಕ್ಕಿಕೊಂಡಿತು.

"ತಪ್ಪಾಗಿದೆ," ಎಂದಿತು ಬಸವನಹುಳು.

"ಏನು ತಪ್ಪಾಗಿದೆ?"

"ತಪ್ಪಾಗಿದೆ."

ಕಪ್ಪೆ ಹೇಗೋ ಬಿಡಿಸಿಕೊಂಡು, ನೀರಿಗೆ ಧುಮುಕಿ ಜೀವ ಉಳಿಸಿಕೊಂಡಿತು. ಸಂಜೆ ನೇರ ಏಡಿಯ ಬಳಿಗೇ ಹೋಯಿತು.

"ಏಡಿ ಮಾವ, ಬಾಗಿಲನ್ನು ಪರೀಕ್ಷೆ ಮಾಡಿದ್ದಿರಾ?"

"ಹತ್ತು ಸಲ, ತಾಯಿ!"

"ಹೇಗೆ ನಡೆದು ನೋಡಿದಿರಿ?"

ಏಡಿ ಹೆಮ್ಮೆಯಿಂದ ಅಡ್ಡಡ್ಡ ನಡೆದು ತೋರಿಸಿತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದಕ್ಕೇ ನಾಚಿಕೆಯಾಗಿ ನಿಂತುಬಿಟ್ಟಿತು. ಕೆರೆಯಲ್ಲಿ ಹಾಗೆ ನಡೆಯುವುದು ತಾನೊಬ್ಬನೇ!

ಅದು ಬಾಗಿಲನ್ನು ಅಗಲ ಮಾಡಿ, ಈ ಸಲ ನೆರೆಹೊರೆಯವರನ್ನೇ ಕರೆದು ನುಗ್ಗಿಸಿ ನೋಡಿತು. ಕಪ್ಪೆ ಸಲೀಸಾಗಿ ಹೋಯಿತು. ಆಮೆಗೆ ಮಾತ್ರ ಒಳಗೆ ಹೋಗಲಾಗಲಿಲ್ಲ. ಬಸವನಹುಳು ಏಡಿ ಕಲಿಸಿದ ಹೊಸ ಪಾಠ ಒಪ್ಪಿಸಿತು: "ಅಜ್ಜಾ, ತಪ್ಪು ನಿಮ್ಮದಲ್ಲ, ನಿಮ್ಮ ಚಿಪ್ಪಿಗೆ ಈ ಬಾಗಿಲು ಚಿಕ್ಕದು. ಎಡಕ್ಕೆ ಹೋಗಿ, ಬಂಡೆಯ ಸಂದಿಯಿದೆ."

ಮತ್ತೆ ಕೊಕ್ಕರೆ ಬಂತು. ಎಲ್ಲರೂ ಅಡಗಿದರು. ಅದು ಬಿಲಕ್ಕೆ ಕೊಕ್ಕು ತುರುಕಿ, ಮುಂದೆ ಹೋಗಲಾಗದೆ ನಯವಾಗಿ ಕೇಳಿತು: "ನಾನು ಒಳಗೆ ಬರಲು ಏನು ಮಾಡಬೇಕು?"

ಚಿಪ್ಪಿನೊಳಗೆ ಸೇರಿದ್ದ ಬಸವನಹುಳು ಬಾಯಿ ತೆರೆಯುವಷ್ಟರಲ್ಲಿ ಏಡಿ ಪಿಸುಗುಟ್ಟಿತು: "ಇವರಿಗೆ ಹಳೆಯ ಪಾಠವೇ ಸಾಕು."

"ತಪ್ಪಾಗಿದೆ," ಎಂದಿತು ಬಸವನಹುಳು.